ಬೇಸಿಗೆಯಲ್ಲಿ ಬಿಲ್ 200 ಯೂನಿಟ್ ದಾಟುತ್ತಿದೆ: ಸೋಲಾರ್ ಹಾಕಿಸೋದಾ, ಮೊದಲು ಬೇರೇನಾದರೂ ಮಾಡೋದಾ?

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಮನೆ. ಅತ್ತೆ, ಮಾವ, ನಾವಿಬ್ಬರು, ಪಿಯುಸಿ ಓದುವ ಮಗಳು. ಸ್ವಂತ ಮನೆ, ತಾರಸಿ ಖಾಲಿ ಇದೆ. ಗೃಹಜ್ಯೋತಿ ಬಂದ ಮೇಲೆ ಹೆಚ್ಚಿನ ತಿಂಗಳು ಸೊನ್ನೆ ಬಿಲ್ ಬರುತ್ತದೆ, ಇಲ್ಲಾಂದ್ರೆ ನೂರಿನ್ನೂರು ರೂಪಾಯಿ. ಆದರೆ ಮಾರ್ಚ್‌ನಿಂದ ಮೇವರೆಗೆ ನಮ್ಮೂರಿನ ಸೆಕೆ ನಿಮಗೆ ಗೊತ್ತಲ್ವಾ? ನಾಲ್ಕು ಫ್ಯಾನು, ಒಂದು ಕೂಲರ್ ಹಗಲೂ ರಾತ್ರಿ ಓಡುತ್ತವೆ. 230 ಯೂನಿಟ್‌ವರೆಗೆ ಹೋಗುತ್ತದೆ. ಆಗ 2,000ದ ಹತ್ತಿರ ಬಿಲ್. ಸಿಲಿಂಡರ್ ಖರ್ಚು ಬೇರೆ.

ಸೋಲಾರ್ ಮಾರುವವರು ಮನೆಗೆ ಬಂದಿದ್ದರು. 3 ಕಿಲೋವ್ಯಾಟ್ ಹಾಕಿಸಿ, 78 ಸಾವಿರ ಸಬ್ಸಿಡಿ ಬರುತ್ತದೆ, ಆಮೇಲೆ ಜೀವನಪೂರ್ತಿ ಬಿಲ್ಲೇ ಇಲ್ಲ ಅಂದರು. ಮಾವನವರಿಗೆ ಇದು ಪೂರ್ತಿ ಒಪ್ಪಿಗೆ. ನನಗೆ ಎರಡು ಪ್ರಶ್ನೆ. ಹಣದ ಲೆಕ್ಕದಲ್ಲಿ ನಮಗೆ ಇದು ಸರಿಯಾ? ಇನ್ನೊಂದು ಮಗಳದು. ಕಲ್ಲಿದ್ದಲಿನ ಕರೆಂಟ್ ಕಮ್ಮಿ ಮಾಡಬೇಕು ಅಂತ ಶಾಲೆಯಲ್ಲಿ ಓದಿದ್ದಾಳೆ, ನಮ್ಮ ಮನೆಯಿಂದ ಏನು ಮಾಡಬಹುದು ಅಂತ ಕೇಳುತ್ತಾಳೆ. ಅನುಭವ ಇರುವವರು ದಯವಿಟ್ಟು ಬರೆಯಿರಿ.

ಲೈನ್‌ಮನ್ ಮಗ, ಚಿತ್ರದುರ್ಗ

ಅಕ್ಕಾ, ಮೊದಲು ಬಿಲ್ ಓದೋಣ. ಬಹಳ ಜನ ಕೊನೆಯ ಮೊತ್ತ ಮಾತ್ರ ನೋಡ್ತಾರೆ.

2025-26ರಲ್ಲಿ ನಮ್ಮ ರಾಜ್ಯದಲ್ಲಿ ಮನೆಗೆ ಒಂದು ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಹಿಂದಿನ ವರ್ಷಕ್ಕಿಂತ 10 ಪೈಸೆ ಇಳಿದಿತ್ತು. ಆದರೆ ನಿಗದಿತ ಶುಲ್ಕ ಮನೆಗೆ ಮಂಜೂರಾದ ಲೋಡ್‌ನ ಒಂದೊಂದು ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಜೊತೆಗೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಸೇರಿತು. ಯೂನಿಟ್ ಹಣದ ಮೇಲೆ 9 ಪರ್ಸೆಂಟ್ ತೆರಿಗೆ. ಕಲ್ಲಿದ್ದಲು ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ಇನ್ನೊಂದು ಸಾಲು ಇರುತ್ತದೆ, ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಈಗ ಗೃಹಜ್ಯೋತಿ. 200 ಯೂನಿಟ್ ಉಚಿತ ಅಂತ ಎಲ್ಲರೂ ಹೇಳ್ತಾರೆ. ಪೂರ್ತಿ ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ 10 ಪರ್ಸೆಂಟ್ ಸೇರಿಸಿ ಬರುವ ಯೂನಿಟ್ ನಿಮ್ಮ ಪಾಲು. ತೀರಾ ಕಮ್ಮಿ ಬಳಸುತ್ತಿದ್ದ ಮನೆಗಳಿಗೆ 2024ರಲ್ಲಿ ಆ 10 ಪರ್ಸೆಂಟ್ ಬದಲು 10 ಯೂನಿಟ್ ಸೇರಿಸೋದು ಅಂತ ಮಾಡಿದರು. ಪಾಲಿಗಿಂತ ಜಾಸ್ತಿ ಬಳಸಿ 200ರ ಒಳಗೆ ಇದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ನಿಮ್ಮ ಮಂಜೂರು ಲೋಡ್ 3 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ಆ ದರದಲ್ಲಿ 201 ಯೂನಿಟ್ ಆದರೆ 435 ನಿಗದಿತ ಶುಲ್ಕ, 1,166 ಯೂನಿಟ್ ಹಣ, 105 ತೆರಿಗೆ, 72 ಪಿಂಚಣಿ ಬಾಬ್ತು. 1,780ರ ಹತ್ತಿರ. ಅಂದರೆ ಆ ಒಂದೇ ಯೂನಿಟ್ ಮನೆಯವರ ಕೈಯಿಂದ ಸಾವಿರಕ್ಕಿಂತ ಜಾಸ್ತಿ ಕಿತ್ತುಕೊಳ್ಳುತ್ತದೆ. ಹಾಗಾಗಿ ನಿಮ್ಮ ಮನೆಯ ಪ್ರಶ್ನೆ ತಾರಸಿಯಲ್ಲಿ ಎಷ್ಟು ತಯಾರಿಸಬೇಕು ಅನ್ನೋದಲ್ಲ. ಆ ಮೂರು ತಿಂಗಳಲ್ಲಿ 35 ಯೂನಿಟ್ ಎಲ್ಲಿ ಉಳಿಸಬೇಕು ಅನ್ನೋದು.

ಫ್ಯಾನ್ ಬದಲಿಸಿ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಕಮ್ಮಿ ಕರೆಂಟ್ ತಿನ್ನುವ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನ್‌ಗೆ 28ರಿಂದ 35 ಸಾಕು. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನ್‌ನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ನಾಲ್ಕಕ್ಕೆ 60ಕ್ಕಿಂತ ಜಾಸ್ತಿ. ನಾಲ್ಕೂ ಸೇರಿ ಹತ್ತು ಹನ್ನೆರಡು ಸಾವಿರ ಆಗಬಹುದು. ಎರಡು ಬೇಸಿಗೆಯಲ್ಲಿ ಆ ದುಡ್ಡು ವಾಪಸ್.

ತಾರಸಿ ಮೇಲಿನವನು, ಹುಬ್ಬಳ್ಳಿ

ನಾನು ಪ್ಯಾನೆಲ್ ಕೂಡಿಸೋ ಕೆಲಸಾನ ಮಾಡ್ತೀನ್ರಿ. ಅದಕ್ಕೇ ಖರೇ ಮಾತು ಹೇಳ್ತೀನಿ. ಲೈನ್‌ಮನ್ ಮಗ ಹೇಳಿದ್ದು ಸರಿ ಐತಿ. ಅಕ್ಕಾರ, ನಿಮ್ಮ ಮನಿಗೆ 3 ಕಿಲೋವ್ಯಾಟ್ ಬೇಡ.

ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಅಂದರೆ ತಿಂಗಳಿಗೆ 360. ನೀವು ಬೇಸಿಗೆಯಲ್ಲೂ ಬಳಸೋದು 230. ಉಳಿದದ್ದು ಗ್ರಿಡ್‌ಗೆ, ಅಂದರೆ ಕಂಪನಿಯ ಲೈನ್‌ಗೆ ಹೋಗುತ್ತದೆ, ಅದಕ್ಕೆ ಸಿಗೋ ದರ ನೀವು ಕೊಂಡುಕೊಳ್ಳೋ ದರಕ್ಕಿಂತ ಭಾಳ ಕಮ್ಮಿ. 2013ರಲ್ಲಿ ನಮ್ಮ ರಾಜ್ಯದಾಗ ತಾರಸಿ ಸೋಲಾರ್ ಕರೆಂಟ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಕೊಡ್ತಿದ್ದರು. ಆ ಕಾಲ ಹೋತು. ಈಗ ಮಾರೋಕೆ ಅಂತ ಹಾಕಿಸೋದು ಬೇಡ, ಬಳಸೋಕೆ ಹಾಕಿಸ್ರಿ.

ಸಬ್ಸಿಡಿ ಲೆಕ್ಕ ಇದು. ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೇದಕ್ಕೆ 18 ಸಾವಿರ. ಒಟ್ಟು 78 ಸಾವಿರ, ಅದರ ಮೇಲೆ ಎಷ್ಟೇ ಹಾಕಿಸಿದರೂ ಅಷ್ಟೇ. ಈಗ ಸೋಲಾರ್ ಸಾಮಾನಿನ ಜಿಎಸ್‌ಟಿ ಕೂಡ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ.

ತಿಂಗಳಿಗೆ 350 ಯೂನಿಟ್ ಬಳಸೋ ಮನೆ ಇರಲಿ. ಅವರಿಗೆ ಗೃಹಜ್ಯೋತಿ ಸಿಗೋದೇ ಇಲ್ಲ. 3 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ 2,300 ರೂಪಾಯಿ ತನಕ ಉಳಿತಾಯ. ಸಬ್ಸಿಡಿ ಕಳೆದು ಕೈಯಿಂದ ಒಂದೂಕಾಲು ಲಕ್ಷದ ಒಳಗೆ ಬೀಳುತ್ತದೆ. ನಾಲ್ಕೈದು ವರ್ಷದಾಗ ಅಸಲು ಬರ್ತದ. ಪ್ಯಾನೆಲ್ 25 ವರ್ಷ ಬಾಳುತ್ತದೆ. ನಿಮ್ಮ ಮನೆಗೆ ವರ್ಷದಲ್ಲಿ ಮೂರೇ ತಿಂಗಳು ಬಿಲ್. ಹತ್ತು ವರ್ಷಕ್ಕೂ ಮಿಕ್ಕಿ ಕಾಯಬೇಕು. "ಜೀವನಪೂರ್ತಿ ಬಿಲ್ಲೇ ಇಲ್ಲ" ಅನ್ನೋದೂ ಸುಳ್ಳು. ಗೃಹಜ್ಯೋತಿ ಇಲ್ಲದ ಮನೆಯಲ್ಲಿ ಯೂನಿಟ್ ಸೊನ್ನೆ ಆದರೂ ನಿಗದಿತ ಶುಲ್ಕ ಬಂದೇ ಬರ್ತದ.

ನಿವೃತ್ತ ಮೇಷ್ಟ್ರು, ಕುಣಿಗಲ್

ಒಳ್ಳೆಯ ಚರ್ಚೆ. ಆ ತಾಯಿ ಸಿಲಿಂಡರ್ ಮಾತೂ ಎತ್ತಿದ್ದಾರೆ. ಅದರ ಲೆಕ್ಕ ನಾನು ಹಾಕಿಕೊಡುತ್ತೇನೆ. ಭೌತಶಾಸ್ತ್ರ ಪಾಠ ಮಾಡಿದವನು.

14.2 ಕಿಲೋ ಸಿಲಿಂಡರ್‌ನಲ್ಲಿ ಇರುವ ಒಟ್ಟು ಶಾಖ ಸುಮಾರು 180 ಯೂನಿಟ್ ಕರೆಂಟಿಗೆ ಸಮ. ಗ್ಯಾಸ್ ಒಲೆಯಲ್ಲಿ ಅದರ ಶೇಕಡಾ 60 ಪಾತ್ರೆಗೆ ಸೇರುತ್ತದೆ, ಉಳಿದದ್ದು ಅಡುಗೆಮನೆಯನ್ನು ಬಿಸಿ ಮಾಡುತ್ತದೆ. ಇಂಡಕ್ಷನ್ ಒಲೆಯಲ್ಲಿ ಶೇಕಡಾ 85ರಷ್ಟು ಪಾತ್ರೆಗೆ ಹೋಗುತ್ತದೆ. ಹಾಗಾಗಿ ಒಂದು ಸಿಲಿಂಡರ್‌ನ ಅಡುಗೆಗೆ ಇಂಡಕ್ಷನ್‌ನಲ್ಲಿ 125ರಿಂದ 130 ಯೂನಿಟ್ ಸಾಕು. ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 6 ರೂಪಾಯಿ 70 ಪೈಸೆ ಹಿಡಿದರೆ 850 ರೂಪಾಯಿ ಆಸುಪಾಸು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಲ್ಲಿ ಸಿಲಿಂಡರ್ ಬೆಲೆ 855 ರೂಪಾಯಿ 50 ಪೈಸೆ ಆಯಿತು. ಎರಡೂ ಒಂದೇ!

ಇದರ ಅರ್ಥ ಏನು? ಆ ಬೆಲೆಯಲ್ಲಿ ಕರೆಂಟನ್ನು ದುಡ್ಡು ಕೊಟ್ಟು ಕೊಳ್ಳುವ ಮನೆಗೆ ಇಂಡಕ್ಷನ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ದಾವಣಗೆರೆಯ ಈ ಮನೆಗೆ ಬೇಸಿಗೆಯಲ್ಲಿ ಇಂಡಕ್ಷನ್ ಹಚ್ಚಿದರೆ ನಷ್ಟ, ಯಾಕೆಂದರೆ 200ರ ಗೆರೆ ದಾಟಿಸುತ್ತದೆ. ತಾರಸಿಯಲ್ಲಿ ಪ್ಯಾನೆಲ್ ಇದ್ದು ಹಗಲಿನ ಯೂನಿಟ್ ಮಿಕ್ಕುತ್ತಿದ್ದರೆ ಆಗ ಇಂಡಕ್ಷನ್ ಬಹಳ ಒಳ್ಳೆಯದು. ಮಿಕ್ಕಿದ್ದನ್ನು ಕಡಿಮೆ ದರಕ್ಕೆ ಮಾರುವ ಬದಲು ಬೇಳೆ ಬೇಯಿಸಿಕೊಳ್ಳಿ.

ಇನ್ನೊಂದು ವಿಷಯ, ಸ್ನಾನದ ನೀರು. ಒಂದು ಬಕೆಟ್ ನೀರು ಕಾಯಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಐದು ಜನಕ್ಕೆ ತಿಂಗಳಿಗೆ 60 ಯೂನಿಟ್ ದಾಟುತ್ತದೆ. ಮನೆಯಲ್ಲಿ ಗೀಸರ್ ಇದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಹೊಟ್ಟೆಬಾಕ. ಬಿಸಿಲಿನಿಂದ ನೇರವಾಗಿ ನೀರು ಕಾಯಿಸುವ ಸೋಲಾರ್ ವಾಟರ್ ಹೀಟರ್ ಇರುವಾಗ, ಬಿಸಿಲಿನಿಂದ ಕರೆಂಟ್ ಮಾಡಿ ಆ ಕರೆಂಟಿನಿಂದ ನೀರು ಕಾಯಿಸುವುದು ದುಂದು.

ಬೆಣ್ಣೆನಗರಿ, ದಾವಣಗೆರೆ

ಮೇಷ್ಟ್ರೇ, ಗೀಸರ್ ಇದೆ. ಅತ್ತೆ ಮಾವನವರಿಗೆ ಬೇಸಿಗೆಯಲ್ಲೂ ಬಿಸಿನೀರೇ ಬೇಕು. ನಮ್ಮದು ಬೋರ್‌ವೆಲ್ ನೀರು, ಪಾತ್ರೆಯಲ್ಲೆಲ್ಲ ಬಿಳಿ ಕರೆ ಕಟ್ಟುತ್ತದೆ. ಪಕ್ಕದ ಮನೆಯ ಸೋಲಾರ್ ಹೀಟರ್ ಅದರಿಂದಲೇ ಕೆಟ್ಟಿತು ಅಂತ ಸುಮ್ಮನಿದ್ದೆವು.

ತಾರಸಿ ಮೇಲಿನವನು, ಹುಬ್ಬಳ್ಳಿ

ಅಕ್ಕಾರ, ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆ ಇರೋ ಚಪ್ಪಟೆ ಮಾದರಿ ಬೇಡ. ಒಳಗೆ ಸುಣ್ಣ ಕಟ್ಟಿ ಕೊಳವೆ ಮುಚ್ಚಿಹೋಗ್ತದ. ಗಾಜಿನ ಟ್ಯೂಬ್ ಮಾದರಿ ತಗೊಳ್ರಿ, ಟ್ಯೂಬ್ ಅಗಲ ಇರ್ತದ, ಬಿಚ್ಚಿ ತೊಳೀಬಹುದು. ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಸ್ವಚ್ಛ ಮಾಡಿಸ್ರಿ. ಹೀಟರ್ ಕೆಡೋದು ನೀರಿನಿಂದ ಅಲ್ಲ, ತೊಳೆಯದೆ ಬಿಡೋದರಿಂದ.

ತೋಟದ ಮನೆ, ತೀರ್ಥಹಳ್ಳಿ

ನಮ್ಮ ಮಲೆನಾಡಿನಲ್ಲಿ ಗಾಜಿನ ಟ್ಯೂಬ್‌ಗೆ ಮಂಗನ ಕಾಟ ಮಾರಾಯ್ರೇ. ಹಾರಿ ಕೂತರೆ ಒಡೆದೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬಿಸಿಲೂ ಇಲ್ಲ. ಹಾಗಾಗಿ ನಮ್ಮಲ್ಲಿ ಬಚ್ಚಲ ಒಲೆಯೇ ಗತಿ. ಅಡಿಕೆ ಸೋಗೆ, ಹಾಳೆ, ತೆಂಗಿನ ಸಿಪ್ಪೆ ತೋಟದಲ್ಲೇ ಬೀಳುತ್ತದೆ. ಹೊಗೆ ಮಾತ್ರ ಹೆಂಗಸರ ಕಣ್ಣಿಗೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಅಸ್ತ್ರ ಒಲೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಹೊಗೆ ಕೊಳವೆಯಲ್ಲಿ ಮೇಲೆ ಹೋಗುವ ಹಾಗಾಯಿತು. ಸೌದೆಯೂ ಉಳಿಯಿತು.

ಅಡುಗೆಗೆ ನಾವು ಗೊಬ್ಬರ ಗ್ಯಾಸ್ ಬಳಸುತ್ತೇವೆ. ದೀನಬಂಧು ಮಾದರಿ, 2 ಘನ ಮೀಟರ್. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಕೆಡುವ ಭಾಗಗಳೇ ಇಲ್ಲ. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಕಲಸಿ ಹಾಕಬೇಕು. ನಾಲ್ಕೈದು ದನ ಇದ್ದರೆ ಆಗುತ್ತದೆ, ಆದರೆ ಮಲೆನಾಡು ಗಿಡ್ಡ ಆದರೆ ಇನ್ನೂ ಜಾಸ್ತಿ ಬೇಕು. ಗಿಡ್ಡ ಸಣ್ಣ ಜಾತಿ, ಹಗಲೆಲ್ಲ ಮೇಯಲು ಹೋಗುತ್ತದೆ, ಸಗಣಿ ಕೊಟ್ಟಿಗೆಗೆ ಬರೋದು ಕಮ್ಮಿ. ಮಳೆಗಾಲದ ಚಳಿಗೆ ಗ್ಯಾಸ್ ಇಳಿಯುತ್ತದೆ, ಆಗ ಸಿಲಿಂಡರ್. ಆದರೂ ವರ್ಷಕ್ಕೆ ಕೊಳ್ಳುವ ಸಿಲಿಂಡರ್ ಬೆರಳೆಣಿಕೆಯಷ್ಟು. ಹೊರಗೆ ಬರುವ ಸ್ಲರಿಯನ್ನು, ಅಂದರೆ ಸಗಣಿ ಬಗ್ಗಡವನ್ನು, ಅಡಿಕೆ ಬುಡಕ್ಕೆ ಬಿಡುತ್ತೇವೆ. ನನಗಂತೂ ಗ್ಯಾಸ್‌ಗಿಂತ ಅದೇ ದೊಡ್ಡ ಲಾಭ.

ಬೇಜಾರಿನ ಸಂಗತಿ ಅಂದರೆ ನಮ್ಮ ಊರಿನಲ್ಲಿ ಗುಮ್ಮಟಗಳು ಒಂದೊಂದಾಗಿ ಖಾಲಿ ಬಿದ್ದಿವೆ. ಕೆಟ್ಟು ಅಲ್ಲ. ಮಕ್ಕಳು ಬೆಂಗಳೂರು ಸೇರಿದರು, ದನ ಕಟ್ಟುವವರಿಲ್ಲ.

ನಿವೃತ್ತ ಮೇಷ್ಟ್ರು, ಕುಣಿಗಲ್

ತೋಟದ ಮನೆಯವರ ಮಾತು ಓದಿ ನಮ್ಮ ತಾಲೂಕಿನ ಪುರ ಗ್ರಾಮ ನೆನಪಾಯಿತು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರು ಮಾಡಿದರು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅವರು ಪುರದಲ್ಲಿ ಇಡೀ ಊರಿಗೆ ಒಂದು ಗೊಬ್ಬರ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಯೋಚನೆ ಮನೆಮನೆಗೆ ಅಡುಗೆ ಗ್ಯಾಸ್ ಕೊಡುವುದಿತ್ತು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಆಗ ಜನರನ್ನೇ ಕೇಳಿದರು. ಜನ ಕೇಳಿದ್ದು ಕುಡಿಯುವ ನೀರು ಮತ್ತು ದೀಪ. 1987ರಿಂದ ಆ ಗ್ಯಾಸ್‌ನಲ್ಲಿ ಎಂಜಿನ್ ಓಡಿಸಿ ಬೋರ್‌ವೆಲ್ ನೀರು ಎತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ಬೆಳಕು ಕೊಟ್ಟರು. ಸಗಣಿ ತಂದ ಮನೆಗೆ ಸ್ಲರಿ ವಾಪಸ್, ತಂದ ಹೆಂಗಸರಿಗೆ ಕೂಲಿ ಸಹ. ಲೆಕ್ಕಪತ್ರ ಊರಿನವರ ಕೈಯಲ್ಲೇ ಇತ್ತು.

ಇಂಧನದ ಬಗ್ಗೆ ನಾನು ಕಲಿತ ದೊಡ್ಡ ಪಾಠ ಅದು. ಯಂತ್ರ ತರುವ ಮೊದಲು ಮನೆಯವರಿಗೆ ಏನು ಬೇಕು ಅಂತ ಕೇಳಬೇಕು. ಮಾರಾಟಗಾರ 3 ಕಿಲೋವ್ಯಾಟ್ ಅಂದ. ಈ ತಾಯಿಗೆ ಬೇಕಾದದ್ದು ಮೂರು ತಿಂಗಳ ತಂಪು ಮತ್ತು ಐದು ಬಕೆಟ್ ಬಿಸಿನೀರು.

ಬಾಡಿಗೆದಾರ, ಬೆಂಗಳೂರು

ನಿಮ್ಮೆಲ್ಲರಿಗೂ ತಾರಸಿ ಇದೆ. ನಮ್ಮಂಥವರ ಕಥೆ ಏನು? ಮೂರನೇ ಮಹಡಿ, ಓನರ್ ತಾರಸಿಗೆ ಬೀಗ. ಈ ಮನೆಗೆ 2022-23ರ ಲೆಕ್ಕ ಇರಲಿಲ್ಲ, ಹೊಸ ಕಟ್ಟಡ. ಅಂಥ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು ಅದರ ಮೇಲೆ 10 ಪರ್ಸೆಂಟ್. ನಾವು 110 ಬಳಸುತ್ತೇವೆ, ಅರ್ಧಕ್ಕೆ ದುಡ್ಡು ಕಟ್ಟುತ್ತೇವೆ. ಪಕ್ಕದ ಹಳೇ ಮನೆಯವರು 180 ಬಳಸಿ ಸೊನ್ನೆ ಬಿಲ್ ಪಡೆಯುತ್ತಾರೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ಕಮ್ಮಿ ಬಳಸುವವನಿಗೆ ಜಾಸ್ತಿ ಭಾರ ಬೀಳೋದು ಸರಿಯಾ?

ನನಗೆ ಪ್ಯಾನೆಲ್‌ನಲ್ಲಿ ಪಾಲು ಕೊಳ್ಳುವ ಆಸೆ ಇದೆ. ಬೇರೆ ಎಲ್ಲೋ ಒಂದು ದೊಡ್ಡ ತಾರಸಿಯಲ್ಲಿ ಹತ್ತು ಮನೆ ಸೇರಿ ಹಾಕಿಸಿ, ಆ ಯೂನಿಟ್ ನಮ್ಮ ನಮ್ಮ ಬಿಲ್‌ನಲ್ಲಿ ಕಳೆಯುವ ಹಾಗೆ. ದೆಹಲಿಯಲ್ಲಿ ಇದಕ್ಕೆ 2019ರಲ್ಲೇ ನಿಯಮ ಮಾಡಿದ್ದಾರೆ. ಸಬ್ಸಿಡಿ ಎಲ್ಲ ಸ್ವಂತ ತಾರಸಿ ಇರುವವರಿಗೇ ಹೋದರೆ ಬಾಡಿಗೆ ಮನೆಯವರು ಯಾವತ್ತೂ ಹೊರಗೇ ಉಳಿಯುತ್ತಾರೆ.

ಮ್ಯೂನಿಕ್ ಕನ್ನಡಿಗ

ಬಾಡಿಗೆದಾರರಿಗೆ ಇಲ್ಲಿಯ ಒಂದು ಮಾತು. ಜರ್ಮನಿಯಲ್ಲಿ ಬಾಲ್ಕನಿ ಕಟಕಟೆಗೆ ಎರಡು ಪ್ಯಾನೆಲ್ ಕಟ್ಟಿ, ಪ್ಯಾನೆಲ್ ಕರೆಂಟನ್ನು ಮನೆಯ ಕರೆಂಟ್ ಮಾಡುವ ಸಣ್ಣ ಇನ್ವರ್ಟರ್ ಮೂಲಕ ಗೋಡೆಯ ಪ್ಲಗ್‌ಗೇ ಸಿಕ್ಕಿಸಬಹುದು. 2024ರಿಂದ 800 ವ್ಯಾಟ್ ತನಕ ಅವಕಾಶ. ಓನರ್ ಸುಮ್ಮಸುಮ್ಮನೆ ಬೇಡ ಅನ್ನುವ ಹಾಗಿಲ್ಲ, ಅದಕ್ಕೂ ಕಾನೂನು ಬಂದಿದೆ. 2023ರಿಂದ ಮನೆಯ ಪ್ಯಾನೆಲ್‌ಗಳ ಮಾರಾಟ ತೆರಿಗೆ ಸೊನ್ನೆ. ಇಲ್ಲಿ ಕರೆಂಟ್ ನಮ್ಮೂರಿಗಿಂತ ಎಷ್ಟೋ ಪಟ್ಟು ದುಬಾರಿ, ಯುಕ್ರೇನ್ ಯುದ್ಧದ ನಂತರ ಇನ್ನೂ ಏರಿತು. ಹಾಗಾಗಿ ಜನ ಮುಗಿಬಿದ್ದು ಹಾಕಿಸಿದರು. ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಪ್ರತಿ ಮಹಡಿಯಲ್ಲೂ ಕಾಣುತ್ತದೆ. ಇಲ್ಲಿಗಿಂತ ಎಷ್ಟೋ ಚೆಂದದ ಬಿಸಿಲು ಇರುವ ಬೆಂಗಳೂರಿನಲ್ಲೂ ಇಂಥ ದಾರಿ ತೆರೆಯಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ಯಾರೂ ತಾವೇ ಪ್ಲಗ್‌ಗೆ ಸಿಕ್ಕಿಸಲು ಹೋಗಬೇಡಿ, ನಮ್ಮಲ್ಲಿ ಅದಕ್ಕೆ ಒಪ್ಪಿಗೆ ಇಲ್ಲ.

ಲೈನ್‌ಮನ್ ಮಗ, ಚಿತ್ರದುರ್ಗ

ಕೊನೆಯ ಸಾಲು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು ಸಾರ್. ಕಂಬ ಹತ್ತಿದವರ ಮನೆಯಲ್ಲಿ ಹುಟ್ಟಿದವನಿಗೆ ಅದರ ಭಯ ಗೊತ್ತು. ಲೈನ್ ಆಫ್ ಮಾಡಿ ಕೆಲಸ ಮಾಡುವಾಗ ಯಾವುದೋ ಮನೆಯಿಂದ ಕರೆಂಟ್ ವಾಪಸ್ ಹರಿದರೆ ಕಂಬದ ಮೇಲಿನವನ ಜೀವ ಹೋಗುತ್ತದೆ. ಅದಕ್ಕೇ ಸರಿಯಾದ ಸೋಲಾರ್ ಇನ್ವರ್ಟರ್ ಗ್ರಿಡ್ ಹೋದ ಕೂಡಲೇ ತಾನೂ ನಿಲ್ಲುತ್ತದೆ.

ಇದನ್ನು ಮಾರುವವರು ಹೇಳೋದಿಲ್ಲ. ಬ್ಯಾಟರಿ ಇಲ್ಲದ ಮಾಮೂಲಿ ತಾರಸಿ ಸೋಲಾರ್ ಹಾಕಿಸಿದರೂ, ಕರೆಂಟ್ ಹೋದಾಗ ನಿಮ್ಮ ಮನೆಯೂ ಕತ್ತಲೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಅಷ್ಟೇ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಮತ್ತು ಅದರ ಜೊತೆ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕು. ಖರ್ಚು ಅಲ್ಲಿಂದ ಏರುತ್ತದೆ.

ಬೂದಿ ಊರಿನವನು, ರಾಯಚೂರು

ಅಕ್ಕಾರ ಮಗಳು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡ್ರಿ. ನಾನು ಶಕ್ತಿನಗರದ ಹತ್ತಿರದವನು. 1985ರಿಂದ ಇಲ್ಲಿ ಕಲ್ಲಿದ್ದಲು ಸುಡ್ತಾರ. ಎಂಟು ಘಟಕ, 1,720 ಮೆಗಾವ್ಯಾಟ್. ರಾಜ್ಯಕ್ಕೆ ಬರ ಬಂದು ಜಲಾಶಯ ಬತ್ತಿದಾಗೆಲ್ಲ ನಮ್ಮ ಊರಿನ ಬಾಯ್ಲರ್ ಮ್ಯಾಲೆ ಕಣ್ಣು. 2023ರಲ್ಲೂ ಹಂಗೇ ಆತು. ಹಾರುಬೂದಿ ಗಾಳಿಗೆ ಎದ್ದರೆ ಒಣಹಾಕಿದ ಬಟ್ಟೆ ಮ್ಯಾಲೆ, ಹತ್ತಿ ಮ್ಯಾಲೆ ಕೂಡ್ತದ. ಕೃಷ್ಣಾ ನದಿ ನೀರು ಅದಕ್ಕೂ ಬೇಕು, ನಮಗೂ ಬೇಕು.

ತಂಗೀ, ನೀನು ಉಳಿಸಿದ ಪ್ರತಿ ಯೂನಿಟ್ ನಮ್ಮ ಊರಿಗೆ ಮುಟ್ಟುತ್ತದೆ. ಓದು ಚೆನ್ನಾಗಿ ಮಾಡು.

ಹಿನ್ನೀರಿನವಳು, ಸಾಗರ

ರಾಯಚೂರಿನ ಅಣ್ಣನ ನೋವು ನಿಜ. ಆದರೆ ಕಲ್ಲಿದ್ದಲು ಬಿಟ್ಟ ಕೂಡಲೇ ಎಲ್ಲ ಶುದ್ಧ ಅಂತ ನಂಬುವವರಿಗೆ ಒಂದು ಮಾತು ಹೇಳಬೇಕು.

ನನ್ನ ಅಜ್ಜನ ಗದ್ದೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಆಯಿತು. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್‌ನಿಂದ ರಾಜ್ಯ ಎಷ್ಟೋ ವರ್ಷ ಬೆಳಗಿತು. ಹೊಗೆ ಇಲ್ಲ, ಬೂದಿ ಇಲ್ಲ, ಕಡಿಮೆ ಬೆಲೆ. ಆದರೆ ಮುಳುಗಡೆಯಾಗಿ ಎದ್ದು ಹೋದವರಲ್ಲಿ ಎಷ್ಟೋ ಕುಟುಂಬ ಇವತ್ತಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. ಹಿನ್ನೀರಿನ ಆಚೆ ಉಳಿದವರು ಆಸ್ಪತ್ರೆಗೂ ಲಾಂಚ್ ಕಾಯಬೇಕಿತ್ತು. ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ಅಣೆಕಟ್ಟಾಗಿ 60 ವರ್ಷದ ಮೇಲೆ!

ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಅಂತಾರೆ. ತಲಕಳಲೆ ಜಲಾಶಯ ಮೇಲೆ, ಗೇರುಸೊಪ್ಪೆ ಜಲಾಶಯ ಕೆಳಗೆ. ಹಗಲು ಸೋಲಾರ್ ಕರೆಂಟ್ ಮಿಕ್ಕಾಗ ನೀರನ್ನು ಮೇಲೆತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಗ್ರಿಡ್‌ಗೆ ಇಂಥ ಸಂಗ್ರಹ ಬೇಕು ಅನ್ನೋದು ನನಗೂ ಅರ್ಥವಾಗುತ್ತದೆ. ಆದರೆ ಮೇಲೆತ್ತಲು ಖರ್ಚಾದಷ್ಟು ಕರೆಂಟ್ ವಾಪಸ್ ಬರೋದಿಲ್ಲ, ಐದರಲ್ಲಿ ಒಂದು ಪಾಲು ದಾರಿಯಲ್ಲೇ ಹೋಗುತ್ತದೆ. ಸುರಂಗ ಕೊರೆಯಬೇಕಾದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಆ ಕಾಡು ಕಡಿದರೆ ಮತ್ತೆ ಬೆಳೆಸಲು ಯಾರಿಂದಲೂ ಆಗೋದಿಲ್ಲ. ಮೊದಲೇ ಎಲ್ಲ ಕೊಟ್ಟ ಕಣಿವೆಯನ್ನು ಮತ್ತೆ ಕೇಳುವ ಮೊದಲು, ಊರಿನ ತಾರಸಿಗಳಲ್ಲಿ, ಹಗಲು ಬಳಕೆಯಲ್ಲಿ, ಬ್ಯಾಟರಿಯಲ್ಲಿ ಎಷ್ಟು ಆಗುತ್ತದೆ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ತಿರುಮಣಿ, ಪಾವಗಡ

ಸಾಗರದ ಅಕ್ಕನ ಮಾತಿಗೆ ನಮ್ಮ ಊರಿನದೂ ಸೇರಿಸುತ್ತೇನೆ. ಸೋಲಾರ್ ಪಾರ್ಕ್ ಆಗಿದ್ದು ನಮ್ಮಲ್ಲೇ. 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21 ಸಾವಿರ ಅಂತ ಶುರುವಾಗಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಮಳೆ ಕಾಣದ ನೆಲ ನಮ್ಮದು, ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ದೊಡ್ಡ ಆಸರೆ. ಮಾಲೀಕತ್ವವೂ ಉಳಿಯಿತು. ಇದು ಒಳ್ಳೆಯ ಮಾದರಿ ಅಂತ ನಾನು ಹೇಳುತ್ತೇನೆ.

ಆದರೆ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಯಾರು ಕೊಡ್ತಾರೆ? ಅವರ ಕೂಲಿ ಹೋಯಿತು. ಕುರಿ ಮೇಯಿಸುವವರ ಬಯಲು ಬೇಲಿಯೊಳಗೆ ಸೇರಿತು. ಪ್ಯಾನೆಲ್ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಎಲ್ಲರಿಗೂ ಸಾಲೋದಿಲ್ಲ.

ನಿಮ್ಮ ತಾರಸಿ ಮೇಲೆ ಹಾಕಿದ ಪ್ಯಾನೆಲ್‌ನಿಂದ ಯಾರ ಕುರಿಯೂ ಉಪವಾಸ ಬೀಳೋದಿಲ್ಲ. ದುಡ್ಡಿನ ಲೆಕ್ಕದಲ್ಲಿ ತಡವಾದರೂ, ಕೈಯಲ್ಲಿ ಹಣ ಇದ್ದವರು ಹಾಕಿಸಲಿ ಅನ್ನೋದು ಅದಕ್ಕೇ.

ಬೋರ್‌ವೆಲ್ ರೈತ, ಕೋಲಾರ

ಒಂದು ಚಿಕ್ಕ ಮಾತು. ಹಗಲಿನ ಸೋಲಾರ್ ಹಗಲೇ ಬಳಸಿ ಅಂತ ಸಾಗರದ ಅಕ್ಕ ಹೇಳಿದರು. ಅದಕ್ಕೆ ನಮ್ಮಷ್ಟು ತಕ್ಕವರು ಬೇರೆ ಯಾರೂ ಇಲ್ಲ. ಪಂಪ್‌ಸೆಟ್‌ಗೆ ಕರೆಂಟ್ ಉಚಿತ, 10 ಎಚ್‌ಪಿ ತನಕ. ಆದರೆ ಎಷ್ಟೋ ಕಡೆ ರಾತ್ರಿ ಪಾಳಿ ಬರುತ್ತದೆ. ಹಾವು ಚೇಳಿನ ಮಧ್ಯೆ ಟಾರ್ಚ್ ಹಿಡಿದು ನೀರು ಕಟ್ಟಬೇಕು. ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಕೃಷಿ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳ ಲೈನ್‌ಗೆ, ಹಗಲು 7 ಗಂಟೆ ಕೊಡುವ ಕುಸುಮ್ ಯೋಜನೆ ಬೇಗ ಬೇಗ ಎಲ್ಲ ತಾಲೂಕಿಗೂ ಬರಲಿ. ಮಿಕ್ಕ ಕರೆಂಟಿನಿಂದ ನೀರನ್ನು ಬೆಟ್ಟಕ್ಕೆ ಎತ್ತೋದು ಆಮೇಲಿನ ಮಾತು.

ಬೆಣ್ಣೆನಗರಿ, ದಾವಣಗೆರೆ

ಎಲ್ಲರ ಬರಹವನ್ನೂ ಮನೆಯಲ್ಲಿ ಜೋರಾಗಿ ಓದಿದೆ. ಮಗಳು ರಾಯಚೂರಿನ ಅಣ್ಣನ ಮಾತನ್ನು ತನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಾಳೆ. ಸಾಗರ, ಪಾವಗಡದವರು ಬರೆದದ್ದು ಮಾವನವರಿಗೆ ತುಂಬ ನಾಟಿತು. ನಾವು ಸ್ವಿಚ್ ಹಾಕಿದರೆ ಯಾವ ಊರಿನಿಂದ ಬರುತ್ತದೆ ಅಂತ ಯಾರೂ ಯೋಚಿಸೋದೇ ಇಲ್ಲ ಅಂದರು.

ನಮ್ಮ ತೀರ್ಮಾನ ಹೀಗೆ. ಈಗಲೇ ನಾಲ್ಕೂ ಫ್ಯಾನ್ ಬದಲಾವಣೆ. ಗೀಸರ್ ಬದಲು ಗಾಜಿನ ಟ್ಯೂಬ್‌ನ ಸೋಲಾರ್ ಹೀಟರ್. ಬೇಸಿಗೆ ಒಂದು ನೋಡುತ್ತೇವೆ. ಮಾವನವರಿಗೆ ಪ್ಯಾನೆಲ್ ಆಸೆ ಬಿಟ್ಟಿಲ್ಲ. ಲಾಭಕ್ಕಲ್ಲ, ನನ್ನ ಪಾಲಿನದು ನಾನು ತಯಾರಿಸಬೇಕು ಅಂತಾರೆ. ಅವರ ಪಿಂಚಣಿ ಹಣ, ಅವರ ಇಷ್ಟ. ಹಾಗಾಗಿ ಮುಂದಿನ ವರ್ಷ 2 ಕಿಲೋವ್ಯಾಟ್ ಹಾಕಿಸಬಹುದು. ಹಾಕಿಸುವಾಗ ಏನೇನು ನೋಡಬೇಕು, ಹುಬ್ಬಳ್ಳಿ ಅಣ್ಣ ಹೇಳಬೇಕು. ತಾರಸಿಯಲ್ಲಿ ನೀರಿನ ಟ್ಯಾಂಕ್ ಇದೆ, ಅತ್ತೆ ಸಂಡಿಗೆ ಒಣಗಿಸೋದೂ ಅಲ್ಲೇ.

ತಾರಸಿ ಮೇಲಿನವನು, ಹುಬ್ಬಳ್ಳಿ

ಸಂತೋಷ ಆತು ಅಕ್ಕಾರ. ಬರಕೊಳ್ರಿ.

ನೆರಳು ಮೊದಲು. ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮ್ಯಾಲೆ ಬಿದ್ದರೂ ಅದೇ ಸಾಲಿನ ಉಳಿದವುಗಳ ಉತ್ಪಾದನೆಗೂ ಪೆಟ್ಟು. ನಮ್ಮ ಬಡಾವಣೆಯಲ್ಲಿ ಒಬ್ಬರ ಮನೆಗೆ ಯಾರೋ ಟ್ಯಾಂಕಿನ ಉತ್ತರಕ್ಕೆ ಪ್ಯಾನೆಲ್ ಕೂಡಿಸಿ ಹೋಗಿದ್ದರು, ಚಳಿಗಾಲ ಪೂರ್ತಿ ಯೂನಿಟ್ ಅರ್ಧಕ್ಕೆ ಇಳಿದಿತ್ತು. ಬೆಳಿಗ್ಗೆ 9ರಿಂದ ಸಂಜೆ 4ರ ತನಕ ತಾರಸಿಯಲ್ಲಿ ನೆರಳು ಎಲ್ಲೆಲ್ಲಿ ಬೀಳ್ತದ ಅಂತ ಡಿಸೆಂಬರ್‌ನಲ್ಲಿ ನೀವೇ ಸೀಮೆಸುಣ್ಣದಿಂದ ಗುರುತು ಮಾಡ್ರಿ. ಸೂರ್ಯ ಆಗ ದಕ್ಷಿಣಕ್ಕೆ ವಾಲಿರ್ತಾನ, ನೆರಳು ಉದ್ದ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 14 ಡಿಗ್ರಿ ಆಸುಪಾಸು ಓರೆ ಇರಬೇಕು.

ಸಂಡಿಗೆಗೆ ಚಿಂತಿ ಬೇಡ. ಆಳೆತ್ತರದ ಕಬ್ಬಿಣದ ಚೌಕಟ್ಟು ಹಾಕಿಸಿದರೆ ಅಡಿಯಲ್ಲಿ ಓಡಾಡಬಹುದು. 2 ಕಿಲೋವ್ಯಾಟ್‌ಗೆ 200 ಚದರಡಿ ಸಾಕು, ಉಳಿದ ಬಿಸಿಲು ಅತ್ತೆಯವರಿಗೆ. ಆದರೆ ಚೌಕಟ್ಟು ಗಾಳಿಗೆ ಅಲುಗಾಡಬಾರದು, ಜಂಗು ಹಿಡಿಯದ ಸತುವಿನ ಲೇಪ ಇರಲಿ. ತಾರಸಿ ತೂತು ಮಾಡಿದಲ್ಲಿ ಸೋರದ ಹಾಗೆ ಮುಚ್ಚಿಸಿಕೊಳ್ರಿ.

ಸಬ್ಸಿಡಿ ಬೇಕಾದರೆ ಪ್ಯಾನೆಲ್ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಡಿಸಿಆರ್ ಅಂತಾರ ಅದಕ್ಕೆ. ಬಿಲ್‌ನಾಗ ಆ ಮಾತು ಬರೆಸಿಕೊಳ್ರಿ. ಅರ್ಜಿ ಯೋಜನೆಯ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲೇ ಹಾಕ್ರಿ, ಪಟ್ಟಿಯಲ್ಲಿರೋ ಗುತ್ತಿಗೆದಾರರನ್ನೇ ಆರಿಸ್ರಿ. ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೇ ಬರ್ತದ, "ನಾವೇ ತಗೊಂಡು ಬೆಲೆ ಇಳಿಸ್ತೀವಿ" ಅನ್ನೋರನ್ನ ನಂಬಬ್ಯಾಡ್ರಿ. ಒಳಗೆ ಬರೋ, ಹೊರಗೆ ಹೋಗೋ ಕರೆಂಟ್ ಎರಡನ್ನೂ ಓದೋ ಮೀಟರ್ ಕೂಡಿಸಿ, ಪರೀಕ್ಷೆ ಮುಗಿಯೋ ತನಕ ಕೊನೇ ಕಂತು ಕೈಯಲ್ಲೇ ಇಟ್ಟುಕೊಳ್ರಿ.

ಕೂಡಿಸಿದ ಮ್ಯಾಲೆ ಕೆಲಸ ಒಂದೇ, ಧೂಳು. ನಿಮ್ಮ ಊರಾಗ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರೋ ಮೊದಲು ಮೆತ್ತನೆ ಬಟ್ಟೆಯಿಂದ ಒರೆಸ್ರಿ. ಬೋರ್ ನೀರು ಹಾಕಬ್ಯಾಡ್ರಿ, ಗಾಜಿನ ಮ್ಯಾಲೂ ಬಿಳಿ ಕರೆ ಕಟ್ಟುತ್ತದೆ. ನಲ್ಲಿ ನೀರು ಬರೋ ದಿನ ನೋಡಿ ಮಾಡ್ರಿ.